ಗೋಧಿಯನ್ನು ಒಲ್ಲದ ಕರುಳು

ಹಿಡಿಯಷ್ಟು ಗೋಧಿಹಿಟ್ಟಿಗೆ ನೀರು ಬೆರೆಸಿ ಚೆನ್ನಾಗಿ ನಾದಿ, ಅರ್ಧ ಗಂಟೆ ನೆನೆಯಬಿಟ್ಟು, ಆ ಉಂಡೆಯನ್ನು ನೀರಿನಲ್ಲಿ ಮೆಲ್ಲಮೆಲ್ಲನೆ ಹಿಸುಕಿ ತೊಳೆದರೆ ಒಂದು ಸೋಜಿಗವನ್ನು ಕಾಣಬಹುದು. ಮೊದಲು ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಹಿಟ್ಟಿನಲ್ಲಿದ್ದ ಪಿಷ್ಟ. ನೀರು ತಿಳಿಯಾಗುವವರೆಗೂ ತೊಳೆದ ಮೇಲೆ ಕೈಯಲ್ಲಿ ಉಳಿಯುವುದು ಎಳೆದರೆ ರಬ್ಬರಿನಂತೆ ಹಿಗ್ಗುವ ಒಂದು ಅಂಟುಮುದ್ದೆ. ಇದರ ಹೆಸರು ಗ್ಲುಟೆನ್. ಇದೊಂದು ಸಸಾರಜನಕ, ಅಂದರೆ ಪ್ರೋಟೀನು. ಅಕ್ಕಿಹಿಟ್ಟನ್ನಾಗಲಿ ರಾಗಿಹಿಟ್ಟನ್ನಾಗಲಿ ಹೀಗೆ ತೊಳೆದರೆ ಇಂಥ ಮುದ್ದೆ ದೊರೆಯದು. ಚಪಾತಿ ಹರಿಯದೆ ಲಟ್ಟಣಿಗೆಗೆ ಒಗ್ಗುವುದೂ ಬ್ರೆಡ್ಡು ಉಬ್ಬುವುದೂ ಈ ಅಂಟಿನ ಗುಣದಿಂದಲೇ.

ಬಹುಮಂದಿಗೆ ಒಳ್ಳೆಯ ಆಹಾರವಾದ ಈ ವಸ್ತು ಕೆಲವು ಮಕ್ಕಳ ಪಾಲಿಗೆ ವಿಷವಾಗುತ್ತದೆ. ಆ ಮಕ್ಕಳಿಗಿರುವ ಬೇನೆಯೇ ಸೀಲಿಯಾಕ್ ರೋಗ.

ಉಂಡರೂ ಮೈಗೆ ಹತ್ತದ ಅನ್ನ

ನಮ್ಮ ಸಣ್ಣ ಕರುಳಿನ ಒಳಗೋಡೆ ನುಣುಪಾದ ಕೊಳವೆಯಂತಿಲ್ಲ. ಅದು ಮಖಮಲ್ಲಿನ ಬಟ್ಟೆಯಂತಿದೆ. ಒಂದು ಮಿಲಿಮೀಟರಿನಷ್ಟೂ ಎತ್ತರವಿಲ್ಲದ ಲಕ್ಷಾಂತರ ರಸಾಂಕುರಗಳು ಅಲ್ಲಿ ಒತ್ತೊತ್ತಾಗಿ ನಿಂತು, ಜೀರ್ಣವಾದ ಆಹಾರದ ಸಾರವನ್ನು ಹೀರಿಕೊಳ್ಳುತ್ತವೆ. ಸೀಲಿಯಾಕ್ ರೋಗಿಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯು ಗ್ಲುಟೆನ್ನಿನ ತುಣುಕುಗಳನ್ನು ವೈರಿಯೆಂದು ಬಗೆದು ಕಾಳಗಕ್ಕಿಳಿಯುತ್ತದೆ. ಆ ಕಾಳಗದಲ್ಲಿ ಪೆಟ್ಟು ತಿನ್ನುವುದು ಸ್ವಂತ ಕರುಳೇ. ರಸಾಂಕುರಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಮಗು ಹೊಟ್ಟೆತುಂಬ ಉಂಡರೂ ಅನ್ನ ಮೈಗೆ ಹತ್ತದು. ಕೆಲವರಲ್ಲಿ ಭೇದಿ, ಹೊಟ್ಟೆಯುಬ್ಬರ. ಕೆಲವರಲ್ಲಿ ಬರಿಯ ರಕ್ತಹೀನತೆ ಅಥವಾ ಕುಂಠಿತವಾದ ಬೆಳವಣಿಗೆ.

ಇದರ ಕಾರಣವನ್ನು ಹುಡುಕಿದ ಕಥೆ ಕುತೂಹಲಕರವಾದುದು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿಯೇ ಈ ರೋಗವನ್ನು ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಎಂದು ಊಹಿಸಿದ್ದನು. ಆದರೆ ಯಾವ ಪಥ್ಯ? 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯನು ಮಕ್ಕಳಿಗೆ ಬ್ರೆಡ್ಡನ್ನು ಬಿಡಿಸಿ ಬಾಳೆಹಣ್ಣನ್ನು ಉಣ್ಣಿಸಿದನು, ಮಕ್ಕಳು ಚೇತರಿಸಿಕೊಂಡರು. ಕೀರ್ತಿ ಬಾಳೆಹಣ್ಣಿಗೆ ಸಂದಿತು. ತಟ್ಟೆಗೆ ಬಂದುದನ್ನು ಎಲ್ಲರೂ ನೋಡಿದರು. ತಟ್ಟೆಯಿಂದ ಹೋದುದನ್ನು ಯಾರೂ ಗಮನಿಸಲಿಲ್ಲ!

ಅದನ್ನು ಗಮನಿಸಿದವನು ನೆದರ್ಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲೆಮ್ ಡಿಕೆ. 1930ರ ದಶಕದಿಂದಲೇ ಅವನಿಗೆ ಗೋಧಿಯ ಮೇಲೆ ಸಂದೇಹವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಆ ದೇಶಕ್ಕೆ ಘೋರ ಕ್ಷಾಮ ತಗುಲಿ ಬ್ರೆಡ್ಡು ದುರ್ಲಭವಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿರುವಾಗ ಈ ರೋಗದ ಮಕ್ಕಳು ಸುಧಾರಿಸಿದರು. ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಡಿಕೆ ತನ್ನ ಪ್ರಬಂಧವನ್ನು ಮಂಡಿಸಿದನು. ವಾನ್ ಡೆ ಕಾಮರ್ ಮತ್ತು ವೈಯರ್ಸ್ ಎಂಬ ಸಹೋದ್ಯೋಗಿಗಳೊಡನೆ ಅವನು ನಡೆಸಿದ ಪ್ರಯೋಗಗಳಲ್ಲಿ, ಮಕ್ಕಳ ಮಲದಲ್ಲಿ ಜೀರ್ಣವಾಗದೆ ಹೋಗುವ ಕೊಬ್ಬನ್ನು ಅಳೆದು, ತಪ್ಪು ಗೋಧಿಯ ಪಿಷ್ಟದ್ದಲ್ಲ, ಗ್ಲುಟೆನ್ನಿನದು ಎಂದು ತೋರಿಸಿದರು.

ನಮ್ಮ ಅಡುಗೆಮನೆಯಲ್ಲಿ

ಗೋಧಿ ಮಾತ್ರವಲ್ಲದೆ ಬಾರ್ಲಿ, ರೈ ಧಾನ್ಯಗಳಲ್ಲಿರುವ ಹತ್ತಿರದ ಪ್ರೋಟೀನುಗಳೂ ಇದೇ ಹಾನಿಯನ್ನು ಮಾಡುತ್ತವೆ. ಭಾರತದ ಹಲವು ಪ್ರದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಈ ರೋಗ ಕಂಡುಬಂದಿತು. ಉತ್ತರದವರ ನಿತ್ಯದ ಊಟ ಗೋಧಿ; ನಮ್ಮದು ಹೆಚ್ಚಾಗಿ ಅಕ್ಕಿ, ರಾಗಿ, ಜೋಳ. ರೋಗ ವಿರಳವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. ವಿರಳವಾದುದರಿಂದಲೇ ಅದು ಗುರುತಿಗೆ ಸಿಕ್ಕದೆ ಹೋಗುವ ಭಯವೂ ಉಂಟು.

ಇದಕ್ಕೆ ಈಗಲೂ ಇರುವ ಚಿಕಿತ್ಸೆ ಒಂದೇ: ಜೀವನಪರ್ಯಂತ ಗ್ಲುಟೆನ್ ಇಲ್ಲದ ಊಟ. ಅದನ್ನು ಕೈಗೊಂಡರೆ ಮಕ್ಕಳ ಕರುಳು ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಆದರೆ ರಕ್ತಪರೀಕ್ಷೆ ಮತ್ತು ಕರುಳಿನ ಪರೀಕ್ಷೆ ಮುಗಿಯುವ ಮುನ್ನ ಗೋಧಿಯನ್ನು ಬಿಡಬಾರದು. ಬಿಟ್ಟರೆ ರೋಗದ ಕುರುಹು ಮರೆಯಾಗಿ ವೈದ್ಯರಿಗೆ ನಿರ್ಣಯ ಕಷ್ಟವಾಗುತ್ತದೆ.

ಕನ್ನಡನಾಡಿನ ತಾಯಿಗೆ ಈ ಪಥ್ಯ ಅಪರಿಚಿತವಲ್ಲ. ಶಾಲೆಯ ಬುತ್ತಿಗೆ ಒಂದು ದಿನ ಇಡ್ಲಿ ಮತ್ತು ಕಡಲೆಕಾಯಿ ಚಟ್ನಿ. ಮರುದಿನ ಕ್ಯಾರೆಟ್ಟು, ಸಬ್ಬಸಿಗೆ ಸೊಪ್ಪು ಬೆರೆಸಿದ ಅಕ್ಕಿರೊಟ್ಟಿ. ಇನ್ನೊಂದು ದಿನ ರಾಗಿದೋಸೆ. ಮತ್ತೊಂದು ದಿನ ಜೋಳದ ರೊಟ್ಟಿ, ಕಾಳಿನ ಪಲ್ಯ. ವಾರದ ಕೊನೆಗೆ ನಿಂಬೆಹಣ್ಣಿನ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ. ಜೊತೆಗೆ ಬಾಳೆಹಣ್ಣೋ ಕಡಲೆಕಾಯಿ ಚಿಕ್ಕಿಯೋ, ತಿನ್ನುವವರಿಗೆ ಬೇಯಿಸಿದ ಮೊಟ್ಟೆಯೋ ಇರಲಿ. ಬರಿಯ ಬಿಳಿಯ ಅನ್ನದಿಂದ ಮಗು ಪುಷ್ಟಿಯಾಗದು. ಸವೆದ ಕರುಳು ಕಬ್ಬಿಣವನ್ನೂ ಸುಣ್ಣದ ಅಂಶವನ್ನೂ ಸರಿಯಾಗಿ ಹೀರಿರುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಸುಮಾರು. ಸೊಪ್ಪು, ಕಾಳುಗಳ ಮೇಲೆ ನಿಂಬೆರಸ ಹಿಂಡಿದರೆ ಅವುಗಳ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ.

ಬಚ್ಚಿಟ್ಟುಕೊಂಡ ಗೋಧಿ

ಕಷ್ಟವಿರುವುದು ಕಣ್ಣಿಗೆ ಕಾಣುವ ಚಪಾತಿಯಲ್ಲಲ್ಲ, ಕಾಣದ ಗೋಧಿಯಲ್ಲಿ. ಉಪ್ಪಿಟ್ಟಿನ ರವೆ, ರವೆ ಇಡ್ಲಿ, ಅಂಗಡಿಯ ಶಾವಿಗೆ, ಹೋಳಿಗೆಯ ಕಣಕ, ಪೂಜೆಯ ಸಪಾದಭಕ್ಷ್ಯ ಇವೆಲ್ಲ ಸಾಮಾನ್ಯವಾಗಿ ಗೋಧಿಯವೇ. ಹಾಲಿಗೆ ಬೆರೆಸುವ ಹಲವು ಪುಡಿಗಳಲ್ಲಿ ಬಾರ್ಲಿಯ ಮಾಲ್ಟ್ ಇರುತ್ತದೆ. ಒಗ್ಗರಣೆಯ ಇಂಗನ್ನು ಕೂಡ ಅನೇಕ ವೇಳೆ ಗೋಧಿಹಿಟ್ಟಿನೊಡನೆ ಕೂಡಿಸಿಯೇ ಮಾರುತ್ತಾರೆ. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ರಾಗಿ ಬೀಸಿದರೆ ಆ ರಾಗಿಹಿಟ್ಟೂ ಶುದ್ಧವಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಕರಿದ ಹಪ್ಪಳವೂ ಅಷ್ಟೇ.

ಇದು ಅತಿಯಾದ ಮಡಿಯೆಂದು ತೋರಬಹುದು. ಆದರೆ ಪಥ್ಯದಲ್ಲಿದ್ದ ರೋಗಿಗಳಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೊಟ್ಟು 3 ತಿಂಗಳು ಪರೀಕ್ಷಿಸಿದಾಗ ಕರುಳಿಗೆ ಹಾನಿಯಾದುದು 2007ರಲ್ಲಿ ಪ್ರಕಟವಾಯಿತು. ಒಂದು ತುಂಡು ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಉಂಟು. ಅದರ ನಲವತ್ತನೆಯ ಒಂದು ಪಾಲು ಎಷ್ಟಾದೀತು? ಚಿಟಿಕೆಯಷ್ಟು ಪುಡಿ, ಅಷ್ಟೇ! ಆದುದರಿಂದಲೇ ಅಂತರರಾಷ್ಟ್ರೀಯ ಆಹಾರ ಸಂಹಿತೆಯು, ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಆಹಾರವನ್ನು ಗ್ಲುಟೆನ್ ರಹಿತವೆಂದು ಕರೆಯಲು ಒಪ್ಪುತ್ತದೆ.

ಮನೆಯಲ್ಲಿ ಬೇರೆ ಡಬ್ಬಿ, ಬೇರೆ ಕಾವಲಿ ಇಟ್ಟುಕೊಳ್ಳಬಹುದು. ರಾಗಿಯನ್ನು ಮನೆಯಲ್ಲೇ ಬೀಸಿಕೊಳ್ಳಬಹುದು. ಹಬ್ಬಕ್ಕೆ ಹೋಳಿಗೆಯ ಬದಲು ಅಕ್ಕಿಹಿಟ್ಟಿನ ಸಿಹಿಗಡುಬನ್ನು ಎಲ್ಲರಿಗೂ ಮಾಡಿದರೆ ಮಗುವಿಗೆ ಪಂಕ್ತಿಭೇದದ ನೋವಿರದು. ಆದರೆ ಶಾಲೆಯಲ್ಲಿ? ಅಲ್ಲಿ ಆ ಮಗುವಿನ ಆರೋಗ್ಯ ನಮ್ಮ ವಿದ್ಯಾರ್ಥಿ ಮಿತ್ರರ ಕೈಯಲ್ಲಿದೆ. ಪಕ್ಕದಲ್ಲಿ ಕುಳಿತ ಗೆಳೆಯ ನಾವು ಚಾಚಿದ ಬಿಸ್ಕತ್ತನ್ನು ಬೇಡವೆಂದರೆ ಅದು ಬಿಗುಮಾನವಲ್ಲ, "ಒಂದೇ ಒಂದು ತಿನ್ನು" ಎಂಬ ಒತ್ತಾಯವು ಪ್ರೀತಿಯೂ ಅಲ್ಲ. ಅವನ ಕರುಳಿನ ಕಾಳಗವನ್ನು ಅರಿತ ನಾವು ಆ ಬಿಸ್ಕತ್ತನ್ನು ಹಿಂದಕ್ಕೆ ತೆಗೆದುಕೊಂಡು, ಒಂದು ಬಾಳೆಹಣ್ಣನ್ನು ಸುಲಿದು ಹಂಚಿಕೊಳ್ಳೋಣ.