ಗೆರೆ ಹಿಡಿದು ಹೊರಟ ನಾದ

ಹೆಲಿಕ್ಸ್ ಎಂಬ ಪೆಟ್ಟಿಗೆಯನ್ನು ಆನ್ ಮಾಡಿದರೆ ಪರದೆಯ ಮೇಲೆ ಮೂಡುವುದು ಅಡ್ಡಲಾಗಿ ಎಳೆದ ಒಂದು ಗೆರೆ. ಗಿಟಾರಿನ ಸಿಗ್ನಲ್ ಎಡತುದಿಯಲ್ಲಿ ಒಳಗೆ ಬರುತ್ತದೆ, ಬಲತುದಿಯಲ್ಲಿ ಹೊರಗೆ ಹೋಗುತ್ತದೆ. ಗೆರೆಯುದ್ದಕ್ಕೂ ಬಣ್ಣದ ಚೌಕಗಳು: ಕೆಂಪು ಆಂಪ್‌ನದು, ಹಸಿರು ಮಾರುದನಿ ಕೊಡುವ ಡಿಲೇಯದು, ನೀಲಿ ನಾದವನ್ನು ತೂಗಾಡಿಸುವ ಕೋರಸ್‌ನದು. ಯಾವ ಚೌಕವನ್ನಾದರೂ ಎತ್ತಿ ಮುಂದಕ್ಕಿಡಬಹುದು, ಹಿಂದಕ್ಕೆ ಸರಿಸಬಹುದು, ಗೆರೆಯನ್ನೇ ಎರಡು ಕವಲಾಗಿ ಒಡೆದು ಮುಂದೆಲ್ಲೋ ಕೂಡಿಸಬಹುದು. ಹಿಂದೆ ಇಷ್ಟು ಮಾಡಲು ಹತ್ತಾರು ಪೆಡಲ್, ಎರಡು ಆಂಪ್ ಮತ್ತು ಚೀಲದ ತುಂಬ ಕೇಬಲ್ ಬೇಕಿತ್ತು.

ಇಂಥ ಪೆಟ್ಟಿಗೆಗಳೇ ಆಂಪ್ ಮಾಡೆಲರ್‌ಗಳು. ನಮ್ಮ ಆರ್ಕೆಸ್ಟ್ರಾ ಗಿಟಾರಿಸ್ಟರ ಬಾಯಲ್ಲಿ ‘ಪ್ರೊಸೆಸರ್’. ಎಲೆಕ್ಟ್ರಿಕ್ ಗಿಟಾರಿನ ದನಿಯಲ್ಲಿ ತಂತಿಯಷ್ಟೇ ಪಾಲು ಆಂಪ್‌ಗೂ ಇದೆ. ಫೆಂಡರ್, ಮಾರ್ಷಲ್, ವಾಕ್ಸ್ ಕಂಪನಿಗಳ ಹಳೆಯ ಆಂಪ್‌ಗಳಲ್ಲಿ ವಾಲ್ವ್ ತಾಳಲಾರದಷ್ಟು ಸಿಗ್ನಲ್ ನುಗ್ಗಿಸಿದಾಗ ಅಲೆಯ ನೆತ್ತಿ ಚಪ್ಪಟೆಯಾಗಿ ಒರಟು ಸ್ವರ ಹುಟ್ಟುತ್ತಿತ್ತು. ರಾಕ್ ಸಂಗೀತ ಕಟ್ಟಿಕೊಂಡದ್ದು ಆ ಸ್ವರದ ಮೇಲೆ. ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್‌ಗಳ ನಡವಳಿಕೆಯನ್ನು ಗಣಿತವಾಗಿ ಬರೆದು ಚಿಪ್ಪಿನಲ್ಲಿ ಓಡಿಸುವ ಯತ್ನ 1990ರ ದಶಕದ್ದು. ಜಪಾನಿನ ರೋಲೆಂಡ್ 1995ರಲ್ಲಿ ವಿಜಿ-8 ತಂದಿತು. ಕ್ಯಾಲಿಫೋರ್ನಿಯಾದ ಲೈನ್ 6 ಕಂಪನಿಯ ಕೆಂಪು ಪಾಡ್ 1998ರಲ್ಲಿ ಬಂದು ಮನೆಮನೆಯ ರೆಕಾರ್ಡಿಂಗ್ ಮೇಜು ಹತ್ತಿತು. ಆಮೇಲೆ ಫ್ರ್ಯಾಕ್ಟಲ್ ಆಡಿಯೊದ ಆಕ್ಸ್-ಎಫ್‌ಎಕ್ಸ್, ಜರ್ಮನಿಯ ಕೆಂಪರ್, 2015ರಲ್ಲಿ ಲೈನ್ 6ನದೇ ಹೆಲಿಕ್ಸ್, ಕೆಲವು ವರ್ಷಗಳ ಬಳಿಕ ಫಿನ್ಲೆಂಡಿನ ಕ್ವಾಡ್ ಕಾರ್ಟೆಕ್ಸ್.

ಇಷ್ಟೆಲ್ಲ ಆದರೂ ‘ಡಿಜಿಟಲ್ ಅಂದ್ರೆ ಪ್ಲಾಸ್ಟಿಕ್ ಸೌಂಡು’ ಎನ್ನುವವರು ಈಗಲೂ ಇದ್ದಾರೆ. ಆ ದೂರು ಸುಳ್ಳಲ್ಲ, ಅವರ ಕಿವಿ ಕೇಳಿದ್ದು ನಿಜವೇ. ಆದರೆ ಬಹುಪಾಲು ಸಂದರ್ಭದಲ್ಲಿ ತಪ್ಪು ಚಿಪ್ಪಿನದಲ್ಲ, ಸಿಗ್ನಲ್ ನಡೆದ ದಾರಿಯದು ಎಂದು ನಾನು ದೃಢವಾಗಿ ನಂಬುತ್ತೇನೆ. ಯಾವ ಆಂಪ್ ಆರಿಸಿದಿರಿ ಎಂಬುದಕ್ಕಿಂತ ಅದನ್ನು ಎಲ್ಲಿಟ್ಟಿರಿ, ಹೊರಗೆ ಯಾವುದಕ್ಕೆ ಜೋಡಿಸಿದಿರಿ ಎಂಬುದು ದನಿಯನ್ನು ಹೆಚ್ಚು ಮಾರ್ಪಡಿಸುತ್ತದೆ.

ಮೊದಲು ಚೌಕಗಳ ಕ್ರಮ. ಡಿಲೇಯನ್ನು ಆಂಪ್‌ನ ಹಿಂದೆ, ಅಂದರೆ ಗೆರೆಯಲ್ಲಿ ಆಂಪ್ ದಾಟಿದ ಮೇಲೆ ಇಟ್ಟರೆ ಒರಟಾದ ಸ್ವರದ ಮಾರುದನಿಗಳು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತವೆ. ಅದನ್ನೇ ಆಂಪ್‌ಗಿಂತ ಮುಂಚೆ ಇಟ್ಟರೆ ಮೂಲ ಸ್ವರವೂ ಮಾರುದನಿಯೂ ಒಟ್ಟಿಗೆ ನುಗ್ಗಿ, ಚಪ್ಪಟೆಯಾಗಿ, ಒಂದರೊಳಗೊಂದು ಕಲಸಿಹೋಗುತ್ತವೆ. ರಿವರ್ಬ್‌ನ ಪಾಡೂ ಇದೇ. ಅಲೆಯ ಆಕಾರವನ್ನೇ ಬದಲಿಸುವ ಚೌಕದ ಹಿಂದುಮುಂದು ಮಾತ್ರ ಕ್ರಮಕ್ಕೆ ಇಷ್ಟು ಬೆಲೆ. ಪಕ್ಕಪಕ್ಕದಲ್ಲಿರುವ ಒಂದು ಇಕ್ಯೂ ಮತ್ತು ಒಂದು ಕ್ಯಾಬಿನೆಟ್ ಜಾಗ ಬದಲಿಸಿಕೊಂಡರೆ ಕಿವಿಗೆ ಏನೂ ತಿಳಿಯದು. ಇದು ಗೊತ್ತಿದ್ದರೆ ಪ್ರಯೋಗದ ಸಮಯ ಎಲ್ಲಿ ಖರ್ಚಾಗಬೇಕೋ ಅಲ್ಲೇ ಖರ್ಚಾಗುತ್ತದೆ.

ಕ್ಯಾಬಿನೆಟ್, ಅಂದರೆ ಸ್ಪೀಕರ್ ಕೂರಿಸಿದ ಪೆಟ್ಟಿಗೆ ಅಂದೆನಲ್ಲ, ಅತಿ ಹೆಚ್ಚು ಎಡವಟ್ಟು ನಡೆಯುವುದು ಅಲ್ಲಿ. ಗಿಟಾರಿಗೆಂದೇ ಮಾಡಿದ 12 ಇಂಚಿನ ಸ್ಪೀಕರ್ ಹಾಡು ಕೇಳುವ ಸ್ಪೀಕರಿನಂಥದ್ದಲ್ಲ. ಇಂಗ್ಲೆಂಡಿನ ಸೆಲೆಶನ್ ಕಂಪನಿಯ ವಿಂಟೇಜ್ 30 ಸ್ಪೀಕರನ್ನೇ ನೋಡಿ: ಸುಮಾರು 5000 ಹರ್ಟ್ಸ್ ದಾಟಿದ ಮೇಲಿನ ಕಂಪನಗಳನ್ನು ಅದು ಹೆಚ್ಚುಕಡಿಮೆ ಕೈಬಿಡುತ್ತದೆ. ಆಂಪ್‌ನ ಕರ್ಕಶವೆಲ್ಲ ಸೋಸಿಹೋಗುವುದು ಆ ಹಂತದಲ್ಲೇ. ಮಾಡೆಲರ್ ಈ ಸೋಸುವಿಕೆಯನ್ನು ಇಂಪಲ್ಸ್ ರೆಸ್ಪಾನ್ಸ್ ಎಂಬ ಪುಟ್ಟ ಕಡತದಿಂದ ಮಾಡುತ್ತದೆ. ನಿಜವಾದ ಕ್ಯಾಬಿನೆಟ್ಟಿನ ಮುಂದೆ ಮೈಕ್ ಇಟ್ಟು ಅದರ ಪ್ರತಿಕ್ರಿಯೆಯನ್ನು ಹಿಡಿದಿಟ್ಟ ಕಡತ ಅದು. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 2048 ಮಾದರಿ ಎಂದರೆ ಸುಮಾರು 43 ಮಿಲಿಸೆಕೆಂಡ್. ಅಷ್ಟು ಚಿಕ್ಕ ತುಣುಕಿನಲ್ಲಿ ಮರದ ಪೆಟ್ಟಿಗೆ, ಕಾಗದದ ಕೋನ್, ಮೈಕ್ ಇಟ್ಟ ಜಾಗ ಎಲ್ಲವೂ ಅಡಗಿವೆ.

ಈಗ ಎರಡು ತಪ್ಪುಗಳು ಸಾಧ್ಯ. ಕ್ಯಾಬಿನೆಟ್ ಚೌಕ ಇಲ್ಲದ ಸಿಗ್ನಲನ್ನು ನೇರ ಮಿಕ್ಸರ್‌ಗೆ ಕೊಟ್ಟರೆ ಸೋಸುವವರೇ ಇಲ್ಲ, ಸಭೆಯ ದೊಡ್ಡ ಸ್ಪೀಕರ್‌ಗಳು ಆ ಕರ್ಕಶವನ್ನು ಹಾಗೇ ಕಿವಿಗೆ ಎರಚುತ್ತವೆ. ಕ್ಯಾಬಿನೆಟ್ ಚೌಕವಿರುವ ಸಿಗ್ನಲನ್ನು ನಿಜವಾದ ಗಿಟಾರ್ ಆಂಪ್‌ಗೆ ಕೊಟ್ಟರೆ ಎರಡು ಬಾರಿ ಸೋಸಿ ದನಿ ಮಂಕಾಗುತ್ತದೆ. ‘ಮನೇಲಿ ಹೆಡ್‌ಫೋನಲ್ಲಿ ಚೆನ್ನಾಗಿತ್ತು, ಇಲ್ಲಿ ಕೆಟ್ಟೋಯ್ತು’ ಎಂಬ ದೂರಿನ ಮೂಲವನ್ನು ಮೊದಲು ಹುಡುಕಬೇಕಾದ್ದು ಇಲ್ಲಿ.

ದಾರಿ ಪೆಟ್ಟಿಗೆಯ ಹೊರಗೂ ಹರಿಯುತ್ತದೆ. ಗಿಟಾರಿನ ಪಿಕಪ್ ದುರ್ಬಲವಾದದ್ದು, ಮುಂದಿನ ಸರ್ಕಿಟ್ ಅದನ್ನು ಎಳೆಯಬಾರದು. ಅದಕ್ಕೇ ಗಿಟಾರ್ ಇನ್‌ಪುಟ್‌ಗೆ 1 ಮೆಗಾ ಓಮ್‌ನಷ್ಟು ಇಂಪಿಡೆನ್ಸ್ ಇಡುವ ರೂಢಿ. ಹಳೆಯ ಫಜ್ ಪೆಡಲ್‌ಗಳದು ಉಲ್ಟಾ ಸ್ವಭಾವ, ಅವು ಪಿಕಪ್ಪನ್ನು ಎಳೆದೇ ತಮ್ಮ ಬಣ್ಣ ಪಡೆಯುತ್ತವೆ. ಹೆಲಿಕ್ಸ್‌ನಲ್ಲಿ ಇನ್‌ಪುಟ್ ಇಂಪಿಡೆನ್ಸನ್ನು ‘ಆಟೊ’ದಲ್ಲಿಟ್ಟರೆ ಗೆರೆಯ ಮೊದಲ ಚೌಕ ಯಾವುದೆಂದು ನೋಡಿ ಅದು ತಾನೇ ಹೊಂದಿಕೊಳ್ಳುತ್ತದೆ. ಹಾಗಾಗಿ ಮೊದಲ ಚೌಕ ಬದಲಿಸಿದೊಡನೆ ಗಿಟಾರೇ ಬೇರೆಯಾದಂತೆ ಅನ್ನಿಸಿದರೆ ಗಾಬರಿ ಬೇಡ.

ಸ್ವಂತ ಆಂಪ್‌ನ ಪ್ರೀ-ಆಂಪ್, ಅಂದರೆ ಸ್ವರಕ್ಕೆ ಬಣ್ಣ ಕೊಡುವ ಮೊದಲ ಹಂತ, ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ನಾಲ್ಕು ಕೇಬಲ್ಲಿನ ಜೋಡಣೆ ಇದೆ. ಗಿಟಾರಿನಿಂದ ಮಾಡೆಲರ್‌ಗೆ ಒಂದು, ಮಾಡೆಲರ್‌ನ ಸೆಂಡ್‌ನಿಂದ ಆಂಪ್‌ನ ಇನ್‌ಪುಟ್‌ಗೆ ಎರಡನೆಯದು, ಆಂಪ್‌ನ ಎಫೆಕ್ಟ್ಸ್ ಸೆಂಡ್‌ನಿಂದ ಮಾಡೆಲರ್‌ನ ರಿಟರ್ನ್‌ಗೆ ಮೂರನೆಯದು, ಮಾಡೆಲರ್‌ನ ಔಟ್‌ನಿಂದ ಆಂಪ್‌ನ ಎಫೆಕ್ಟ್ಸ್ ರಿಟರ್ನ್‌ಗೆ ನಾಲ್ಕನೆಯದು. ಡಿಸ್ಟಾರ್ಷನ್ ಪೆಡಲ್‌ಗಳು ಪ್ರೀ-ಆಂಪ್‌ಗೆ ಮುಂಚೆ, ಡಿಲೇ-ರಿವರ್ಬ್ ಅದರ ಆಚೆ ಬಂದು ನಿಲ್ಲುತ್ತವೆ. ಬಹಳ ಸೊಗಸಾದ ಏರ್ಪಾಡು. ಆದರೆ ಪರದೆಯ ಗೆರೆಯಲ್ಲಿ ಈ ಸೆಂಡ್-ರಿಟರ್ನ್ ದಾರಿಯ ಲೂಪ್ ಚೌಕ ಹಾಕಲು ಮರೆತರೆ ಗಿಟಾರ್ ಪ್ರೀ-ಆಂಪ್ ಮುಟ್ಟದೆ ನೇರ ಪವರ್ ಆಂಪ್‌ಗೆ ಹೋಗುತ್ತದೆ. ಸದ್ದು ಬರುತ್ತದೆ, ಸಪ್ಪೆಯಾಗಿ. ಪರೀಕ್ಷೆ ಸರಳ: ಆಂಪ್‌ನ ಗೇನ್ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಏನೂ ಬದಲಾಗದಿದ್ದರೆ ಸಿಗ್ನಲ್ ಆ ದಾರಿಯಲ್ಲಿ ಹಾಯುತ್ತಲೇ ಇಲ್ಲ.

ಕವಲು ಒಡೆದ ಗೆರೆಗೆ ಬೇರೆಯದೇ ತೊಡಕು. ಒಂದು ಕವಲು ಪೆಟ್ಟಿಗೆಯೊಳಗೇ ಉಳಿದು ಇನ್ನೊಂದು ಹೊರಗಿನ ಡಿಜಿಟಲ್ ಪೆಡಲ್ ಸುತ್ತಿ ಬಂದರೆ ಎರಡನೆಯದು ತುಸು ತಡವಾಗುತ್ತದೆ. ತಡ 1 ಮಿಲಿಸೆಕೆಂಡಾದರೂ ಸಾಕು, ಎರಡೂ ಸಮ ಬಲದಲ್ಲಿ ಕೂಡಿದಲ್ಲಿ 500, 1500, 2500 ಹರ್ಟ್ಸ್‌ಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ, ನಾದ ಟೊಳ್ಳಾಗುತ್ತದೆ. ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ ಧ್ವನಿಮುದ್ರಿಸುವಾಗಲೂ ಇದೇ ಕತೆ: ಪೆಟ್ಟಿಗೆಯಿಂದ ನೇರ ಒಂದು ದನಿ, ಸಾಫ್ಟ್‌ವೇರ್ ಸುತ್ತಿ ಬಂದ ಇನ್ನೊಂದು. ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡಿದರೆ ಮುಗಿಯಿತು.

ಸದ್ದೇ ನಿಂತರೆ? ವೇದಿಕೆಯಲ್ಲಿ ಪರದೆ ಸರಿಯುವ ಹೊತ್ತಿಗೆ ಮಿಕ್ಸರ್ ಕಡೆಯಿಂದ ‘ಅಣ್ಣಾ, ನಿಮ್ಮ ಲೈನ್ ಬರ್ತಾ ಇಲ್ಲ’ ಎಂಬ ಕೂಗು ಬಂದಾಗ ಕೈಗೆ ಸಿಕ್ಕ ಗುಂಡಿಯನ್ನೆಲ್ಲ ತಿರುಗಿಸುವುದು ಸಹಜ, ಅದರಿಂದ ಕೆಡುವುದೇ ಹೆಚ್ಚು. ಹಬ್ಬದ ಸೀರಿಯಲ್ ಸೆಟ್‌ನಲ್ಲಿ ಕೆಟ್ಟ ಬಲ್ಬ್ ಹುಡುಕುವವನು ಸರವನ್ನು ಅರ್ಧಕ್ಕೆ ಭಾಗಿಸಿ ನೋಡುವಂತೆ ಇಲ್ಲೂ ಗೆರೆಯ ಮಧ್ಯಕ್ಕೆ ಹೋಗಬೇಕು. ಪೆಟ್ಟಿಗೆಗೆ ಹೆಡ್‌ಫೋನ್ ಚುಚ್ಚಿ. ಸದ್ದು ಕೇಳಿದರೆ ದೋಷ ಹೊರಗಿನ ಕೇಬಲ್ ಅಥವಾ ಮಿಕ್ಸರ್‌ನದು. ಕೇಳದಿದ್ದರೆ ಚೌಕಗಳೇ ಇಲ್ಲದ ಖಾಲಿ ಪ್ರೀಸೆಟ್‌ಗೆ, ಅಂದರೆ ಉಳಿಸಿಟ್ಟ ಇನ್ನೊಂದು ಜೋಡಣೆಗೆ, ಬದಲಿಸಿ. ಆಗ ಕೇಳಿದರೆ ದೋಷ ಹಿಂದಿನ ಪ್ರೀಸೆಟ್‌ನೊಳಗಿದೆ. ಆಗಲೂ ಮೌನವೇ ಆದರೆ ಗಿಟಾರ್, ಅದರ ಕೇಬಲ್, ಇನ್‌ಪುಟ್ ಸೆಟ್ಟಿಂಗ್ ಕಡೆ ತಿರುಗಿ. ಪ್ರೀಸೆಟ್‌ನೊಳಗಿನ ಅಪರಾಧಿ ಹಲವು ಸಲ ಹಿಮ್ಮಡಿ ಕಡೆ ವಾಲಿ ನಿಂತ ವಾಲ್ಯೂಮ್ ಪೆಡಲ್. ಕೆಲವೊಮ್ಮೆ ಆಫ್ ಮಾಡದೆ ಬಿಟ್ಟ ಟ್ಯೂನರ್.

ಹಮ್ ಬಂದಾಗಲೂ ಹೀಗೇ ಕ್ರಮವಾಗಿ ಹೋಗಬೇಕು. ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿ. ಹಮ್ ನಿಂತರೆ ಅದು ಪಿಕಪ್ ಹಿಡಿದದ್ದು, ಗಿಟಾರ್ ಹಿಡಿದು ಮೈ ತಿರುಗಿಸಿದಂತೆ ಏರಿಳಿಯುತ್ತದೆ. ನಿಲ್ಲದಿದ್ದರೆ ಮಾಡೆಲರ್‌ಗೂ ಆಂಪ್‌ಗೂ, ಅಥವಾ ಮಿಕ್ಸರ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ ಎರಡು ಅರ್ಥ್ ದಾರಿಗಳಾಗಿ ನಮ್ಮ 50 ಹರ್ಟ್ಸ್ ಕರೆಂಟು ಹಾಡುತ್ತಿದೆ. ಅದಕ್ಕಿರುವುದು ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ ಸ್ವಿಚ್ಚು, ಇಲ್ಲವೇ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್. ಪ್ಲಗ್ಗಿನ ಮೂರನೆಯ ಪಿನ್ ಕಿತ್ತರೂ ಹಮ್ ನಿಲ್ಲುತ್ತದೆ, ಆದರೆ ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಜನರೇಟರ್ ಮೇಲೆ ಓಡುವ ಶಾಮಿಯಾನದ ವೇದಿಕೆಯಲ್ಲಿ ಒಂದು ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗುವ ಮನುಷ್ಯನಿಗೂ ಸಾವಿಗೂ ನಡುವೆ ಇರುವುದು ಆ ಅರ್ಥ್ ತಂತಿಯೇ.

ರೂಟಿಂಗ್, ಅಂದರೆ ಸಿಗ್ನಲಿನ ದಾರಿ ಹಾಕುವ ಕೆಲಸ, ದೋಷ ಹುಡುಕಲು ಮಾತ್ರ ಅಲ್ಲ. ವೇದಿಕೆಯ ಮೇಲೆ ತನ್ನ ಬೆನ್ನ ಹಿಂದೆ ನಿಜವಾದ ಕ್ಯಾಬಿನೆಟ್ ಅದುರಬೇಕು ಎನ್ನುವ ಗಿಟಾರಿಸ್ಟ್ ಇದ್ದಾನೆ, ಸಭೆಗೆ ಮೈಕ್ ಹಿಡಿದಂಥ ಚೊಕ್ಕ ದನಿ ಬೇಕು ಎನ್ನುವ ಸೌಂಡ್ ಇಂಜಿನಿಯರ್ ಇದ್ದಾನೆ. ಇಬ್ಬರ ಬೇಡಿಕೆಯೂ ನ್ಯಾಯವಾದದ್ದೇ. ಗೆರೆಯನ್ನು ಆಂಪ್ ಚೌಕ ದಾಟಿದ ಮೇಲೆ, ಕ್ಯಾಬಿನೆಟ್ ಚೌಕ ಬರುವ ಮೊದಲು ಕವಲೊಡೆಯಿರಿ. ಒಂದು ಕವಲಿಗೆ ಕ್ಯಾಬಿನೆಟ್ ಚೌಕ ಹಾಕಿ ಎಕ್ಸ್‌ಎಲ್‌ಆರ್ ಮೂಲಕ ಮಿಕ್ಸರ್‌ಗೆ ಕಳಿಸಿ. ಇನ್ನೊಂದನ್ನು ಹಾಗೇ ಕ್ವಾರ್ಟರ್ ಇಂಚಿನ ಜ್ಯಾಕ್‌ನಿಂದ ಪವರ್ ಆಂಪ್‌ಗೂ ಅಲ್ಲಿಂದ ಹಿಂದಿನ ಕ್ಯಾಬಿನೆಟ್‌ಗೂ ಕೊಡಿ. ಬಳಿಕ ಗ್ಲೋಬಲ್ ಸೆಟ್ಟಿಂಗ್‌ನಲ್ಲಿ ದೊಡ್ಡ ವಾಲ್ಯೂಮ್ ಗುಂಡಿಯನ್ನು ಜ್ಯಾಕ್‌ಗೆ ಮಾತ್ರ ಒಪ್ಪಿಸಿ. ಡ್ರಮ್ಮರ್ ‘ಸ್ವಲ್ಪ ಕಮ್ಮಿ ಮಾಡಪ್ಪ’ ಎಂದಾಗ ಗಿಟಾರಿಸ್ಟ್ ಧಾರಾಳವಾಗಿ ಗುಂಡಿ ಇಳಿಸಬಹುದು, ಮಿಕ್ಸರ್‌ಗೆ ಹೋಗುವ ಮಟ್ಟ ಒಂದಿಷ್ಟೂ ಕದಲುವುದಿಲ್ಲ.