ದೋಣಿ ಕಡವು: ಮೆಟ್ಟಿಲಿಗಿಂತ ಮೊದಲು ಜಾಗ ನೋಡಿ

ಸೇತುವೆ ಬಂದ ಮೇಲೆ ಎಷ್ಟೋ ಕಡವುಗಳು ಮುಚ್ಚಿಹೋದವು. ಆದರೂ ಕರಾವಳಿಯ ಕುದ್ರುಗಳಲ್ಲಿ ತೋಟ ಇರುವವರಿಗೆ ಗೊಬ್ಬರ, ತೆಂಗಿನಕಾಯಿ, ಹಾಲಿನ ಕ್ಯಾನು ದಾಟಿಸಲು ದೋಣಿಯೇ ಬೇಕು. ಈಚೆಗೆ ಹಿನ್ನೀರಿನಲ್ಲಿ ಕಯಾಕ್ ಓಡಿಸುವವರೂ ಬಂದಿದ್ದಾರೆ. ಕಡವು ಕಟ್ಟುವ ಮಾತು ಬಂದಾಗ ‘ನಾಲ್ಕು ಮೆಟ್ಟಿಲು ಕಾಂಕ್ರೀಟು ಹಾಕಿದ್ರೆ ಆಯ್ತಲ್ಲ’ ಅನ್ನುವವರೇ ಹೆಚ್ಚು. ಆಗುವುದಿಲ್ಲ.

ಹೊಳೆ ತಿರುಗುವಲ್ಲಿ ಹೊರಬದಿಯ ದಂಡೆಗೆ ನೀರು ಬಡಿಯುತ್ತದೆ. ಅಲ್ಲಿ ಆಳ ಸಿಗುತ್ತದೆ, ಆದರೆ ದಂಡೆ ನಿಲ್ಲುವುದಿಲ್ಲ. ಒಳಬದಿಯಲ್ಲಿ ಮರಳು ತುಂಬಿ ಬೇಸಗೆಯಲ್ಲಿ ದೋಣಿ ನೆಲ ಕಚ್ಚುತ್ತದೆ. ನೇರ ಹರಿವಿನ ಜಾಗ, ಅದೂ ಮುಂಚಾಚಿದ ಬಂಡೆಯ ಕೆಳಮಗ್ಗುಲಲ್ಲಿ ಸಿಕ್ಕಿದರೆ ಉತ್ತಮ, ನೀರು ಶಾಂತವಾಗಿರುತ್ತದೆ. ಹಳೇ ಅಂಬಿಗರು ಕಡವಿಗೆ ಇಂಥ ಜಾಗವನ್ನೇ ಆರಿಸುತ್ತಿದ್ದರು.

ಕಾಂಕ್ರೀಟು ಗೋಡೆಯನ್ನು ಹೊಳೆಯೊಳಕ್ಕೆ ಚಾಚಬೇಡಿ. ಗೋಡೆಗೆ ಬಡಿದು ಸುಳಿಯುವ ನೀರು ಪಕ್ಕದ ದಂಡೆಯನ್ನು ಅಗೆಯುತ್ತದೆ. ಕಡವು ನಮ್ಮದು, ಹೋಗುವುದು ನೆರೆಯವರ ಅಡಿಕೆ ಮರ! ಮೆಟ್ಟಿಲು ದಂಡೆಯೊಳಗೇ ಕೊರೆದಂತಿರಲಿ, ತುಸು ಕೆಳಹರಿವಿನತ್ತ ಮುಖ ಮಾಡಿರಲಿ. ಆಗ ನೆರೆಯಲ್ಲಿ ತೇಲಿಬರುವ ಕಸಕಡ್ಡಿ ಸಿಕ್ಕಿಕೊಳ್ಳುವುದು ಕಡಿಮೆ. ಕಡೇ ಮೆಟ್ಟಿಲಿನ ಬುಡಕ್ಕೆ ದೊಡ್ಡ ಕಾಡುಕಲ್ಲು ಪೇರಿಸಿ. ಇಲ್ಲದಿದ್ದರೆ ನೀರು ಬುಡದ ಮಣ್ಣು ತಿಂದು ಇಡೀ ಮೆಟ್ಟಿಲೇ ಕುಸಿಯುತ್ತದೆ. ಎರಡು ಮಗ್ಗುಲಿನ ಕೇದಿಗೆ, ಬಿದಿರು ಕಡಿಯಬೇಡಿ. ಕಾಂಡ್ಲವನ್ನಂತೂ ಮುಟ್ಟುವಂತಿಲ್ಲ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಅದಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ.

ಅಳಿವೆ ಹತ್ತಿರವಾದರೆ ಅಳತೆ ಇಳಿತದಿಂದ ಶುರುವಾಗಬೇಕು. ಉಬ್ಬರದಲ್ಲಿ ನೋಡಿ ಕಟ್ಟಿದ ಮೆಟ್ಟಿಲು ಇಳಿತದಲ್ಲಿ ಕೆಸರಿನ ಮೇಲೆ ನೇತಾಡುತ್ತದೆ. ಹಾಲು ಹೊತ್ತ ಹೆಂಗಸರು ಜಾರಿ ಬೀಳುವುದು ಅಲ್ಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಇಳಿತಕ್ಕೆ ಗೂಟ ನೆಟ್ಟು ಗುರುತು ಮಾಡಿ, ಕಡೇ ಮೆಟ್ಟಿಲು ಅದಕ್ಕಿಂತ ಕೆಳಗಿರಲಿ. ಎತ್ತರ ಅರ್ಧ ಅಡಿ, ಅಗಲ ಒಂದೂವರೆ ಅಡಿ ಸಾಕು. ಮೈ ನಯಗೊಳಿಸದೆ ಗೀರು ಎಳೆಸಿ, ಪಾಚಿ ಹಿಡಿದಾಗ ಕಾಲಿಗೆ ಹಿಡಿತ ಸಿಗುತ್ತದೆ.

ಕಯಾಕಿಗೆ ಮೆಟ್ಟಿಲು ಬೇಡ. ಅದರಲ್ಲಿ ಕೂರುವುದು ನೀರಿಗಿಂತ ಕೆಲವೇ ಇಂಚು ಮೇಲೆ. ಮೊಣಕಾಲಿನೊಳಗಿನ ನೀರು, ಒಂದಡಿ ಇಳಿಯಲು ಎಂಟು-ಹತ್ತಡಿ ಉದ್ದದ ಇಳಿಜಾರು ಇದ್ದರಾಯಿತು. ಮೆಟ್ಟಿಲಿನ ಪಕ್ಕವೇ ಇಂಥದ್ದೊಂದು ಇಳಿಜಾರು ಬಿಟ್ಟರೆ ಮಳೆಗಾಲದಲ್ಲಿ ನಮ್ಮ ದೋಣಿಯನ್ನೂ ಕೊತ್ತಳಿಗೆ ಹಾಸಿ ಮೇಲೆಳೆಯಬಹುದು.

ಕಟ್ಟುವ ಕಂಬ ನೆರೆಮಟ್ಟಕ್ಕಿಂತ ಮೇಲಿರಲಿ. ಹಗ್ಗ ಸಡಿಲ ಬಿಡಿ. ಇಳಿತದಲ್ಲಿ ಬಿಗಿದು ಕಟ್ಟಿದ ದೋಣಿ ಉಬ್ಬರ ಏರಿದಾಗ ಮೂತಿ ಕೆಳಗಾಗಿ ನೀರು ತುಂಬಿಕೊಳ್ಳುತ್ತದೆ.