ಬಿಲ್ಲೂ ಮೆಟ್ಟೂ

ಕಳೆದ ವರ್ಷ ನಮ್ಮ ಕಾಲೇಜಿನ ಕ್ರೀಡಾ ಕೊಠಡಿಯಲ್ಲಿ ಒಂದು ಬಿಲ್ಲು ಮುರಿಯಿತು. ಮುರಿದವನು ನಾನೇ. ಈ ಸಂಗತಿ ಎರಡನೆಯ ವರ್ಷದ ತರಗತಿಗೆಲ್ಲ ತಿಳಿದಿರುವುದರಿಂದ ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ. ಬಾಣ ಹೂಡದೆಯೇ ಹೆದೆಯನ್ನು ಕೆನ್ನೆಯವರೆಗೆ ಸೆಳೆದು, ಚಲನಚಿತ್ರದ ಅರ್ಜುನನ ಭಂಗಿಯಲ್ಲಿ ನಿಂತು, ಗೆಳೆಯರು ನೋಡುತ್ತಿದ್ದಾರೆಂಬ ಹುಮ್ಮಸ್ಸಿನಲ್ಲಿ ಬಿಟ್ಟುಬಿಟ್ಟೆ. ಟಪ್ಪೆಂದು ಸದ್ದಾಯಿತು, ಬಿಲ್ಲಿನ ಮೇಲ್ಭಾಗ ಉದ್ದಕ್ಕೆ ಸೀಳಿಹೋಯಿತು.

ದೈಹಿಕ ಶಿಕ್ಷಣ ನಿರ್ದೇಶಕರು ಬೈಯುತ್ತಾರೆಂದು ಕಾದೆ. ಅವರು ಸೀಳನ್ನು ಬೆರಳಿನಿಂದ ಸವರಿ, "ಬಾಣ ಇಲ್ಲದೆ ಬಿಟ್ಟೆಯಲ್ಲ, ಆ ಶಕ್ತಿ ಎಲ್ಲಿಗೆ ಹೋಗಬೇಕಪ್ಪಾ?" ಎಂದು ಕೇಳಿದರು, ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾನು ಇತಿಹಾಸದ ವಿದ್ಯಾರ್ಥಿ. ಭೌತಶಾಸ್ತ್ರದ ಗೊಡವೆಯನ್ನು ಹತ್ತನೆಯ ತರಗತಿಗೇ ಬಿಟ್ಟವನು. ಆದರೂ ಬಿಲ್ಲೆಂದರೇನೆಂಬುದನ್ನು ತಿಳಿಯಲು ಬಹಳ ಗಣಿತ ಬೇಕಾಗಿಲ್ಲ. ನಡುವಿನ ಹಿಡಿಯ ಮೇಲೂ ಕೆಳಗೂ ಇರುವ ಎರಡು ಬಾಗುವ ಪಟ್ಟಿಗಳೇ ಬಿಲ್ಲಿನ ಜೀವಾಳ. ನಾವು ಹೆದೆಯನ್ನು ನಿಧಾನವಾಗಿ ಸೆಳೆಯುವಾಗ ಮಾಡುವ ಕೆಲಸವೆಲ್ಲ ಆ ಬಾಗುಪಟ್ಟಿಗಳಲ್ಲಿ ಠೇವಣಿಯಾಗುತ್ತದೆ. ಬೆರಳು ಸಡಿಲಿಸಿದೊಡನೆ ಠೇವಣಿಯೆಲ್ಲ ಕಣ್ಣೆವೆಯಿಕ್ಕುವುದರೊಳಗೆ ಬಾಣಕ್ಕೆ ಸಂದಾಯವಾಗುತ್ತದೆ. ಹೆದೆಯನ್ನು ಅರ್ಧ ಮೀಟರು ಸೆಳೆದು, ಕೊನೆಯಲ್ಲಿ 18 ಕಿಲೋಗ್ರಾಂ ತೂಕದಷ್ಟು ಬಲವನ್ನು ತಡೆದು ನಿಂತರೆ, ಸುಮಾರು 44 ಜೂಲ್ ಶಕ್ತಿ ಸಂಗ್ರಹವಾಗಿರುತ್ತದೆ. ಬಾಣವಿದ್ದರೆ ಅದರ ಬಹುಪಾಲು ಬಾಣದೊಡನೆ ಹೊರಟುಹೋಗುತ್ತದೆ. ಬಾಣವಿಲ್ಲದಿದ್ದರೆ ಬಿಲ್ಲಿಗೇ ಮರಳುತ್ತದೆ. ನಾನು ಮುರಿದದ್ದು ಹೀಗೆ.

ಈ ಠೇವಣಿಯನ್ನು ಹೆಚ್ಚಿಸುವುದು ಹೇಗೆಂಬುದೇ ಬಿಲ್ಲಿನ ಇತಿಹಾಸವೆಂದರೆ ತಪ್ಪಾಗಲಾರದು. ಒಂದೇ ಮರದ ತುಂಡನ್ನು ಬಹಳ ಬಗ್ಗಿಸಿದರೆ ಅದರ ಹೊರಮೈ ಹಿಗ್ಗಿ ಹರಿಯುತ್ತದೆ, ಒಳಮೈ ಕುಗ್ಗಿ ನುಗ್ಗಾಗುತ್ತದೆ. ಏಷ್ಯದ ಬಿಲ್ಲುಗಾರರು ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾದುದು. ಹಿಗ್ಗಬೇಕಾದ ಹೊರಮೈಗೆ ಪ್ರಾಣಿಗಳ ಸ್ನಾಯುರಜ್ಜುವನ್ನೂ, ಕುಗ್ಗಬೇಕಾದ ಒಳಮೈಗೆ ಕೊಂಬನ್ನೂ, ನಡುವೆ ಮರವನ್ನೂ ಇಟ್ಟು ಸರಿಯಿಂದ ಅಂಟಿಸಿದರು. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂದು ಹೆಸರಷ್ಟೆ. ಶೃಂಗದಿಂದ, ಎಂದರೆ ಕೊಂಬಿನಿಂದ, ಆದದ್ದು ಶಾರ್ಙ್ಗ. ಪ್ರತಿದಿನ ಬೆಳಗ್ಗೆ ಶಾರ್ಙ್ಗಪಾಣಿಯೆಂದು ಸ್ತೋತ್ರ ಹೇಳುವ ನಮ್ಮ ಅಜ್ಜಿಗೆ ಈ ಕೊಂಬಿನ ಸಂಗತಿ ತಿಳಿಸಿದಾಗ ಅವರು ಅಷ್ಟೇನೂ ಸಂತೋಷಪಡಲಿಲ್ಲ.

ಇಂಗ್ಲೆಂಡಿನವರು ಮಾತ್ರ ಯೂ ಎಂಬ ಮರದ ಒಂದೇ ತುಂಡನ್ನು ನಂಬಿದರು. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಮೇರಿ ರೋಸ್ ಎಂಬ ಯುದ್ಧನೌಕೆಯ ಅವಶೇಷದಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳು ದೊರೆತವು. ಅವುಗಳಲ್ಲಿ ಅನೇಕವನ್ನು ಪೂರ್ತಿ ಸೆಳೆಯಬೇಕಾದರೆ 45 ಕಿಲೋಗ್ರಾಂ ತೂಕಕ್ಕೂ ಮೀರಿದ ಬಲ ಬೇಕೆಂದು ಪರೀಕ್ಷಿಸಿದವರು ಲೆಕ್ಕ ಹಾಕಿದ್ದಾರೆ. ಒಂದು ಮೂಟೆ ಸಿಮೆಂಟನ್ನು ಮೂರು ಬೆರಳಲ್ಲಿ ನೇತುಹಾಕಿಕೊಂಡು ಗುರಿ ನೋಡಿದ ಹಾಗೆ! ಅಂಥವರನ್ನು ಬಾಲ್ಯದಿಂದಲೇ ತಯಾರು ಮಾಡಬೇಕಾಗಿತ್ತು.

ಇಲ್ಲಿಯೇ ಬಿಲ್ಲಿನ ದೊಡ್ಡ ಅನ್ಯಾಯವಿರುವುದು. ಸಾಧಾರಣ ಬಿಲ್ಲಿನಲ್ಲಿ ಸೆಳೆದಷ್ಟೂ ಬಲ ಏರುತ್ತ ಹೋಗುತ್ತದೆ. ಅತ್ಯಂತ ಹೆಚ್ಚಿನ ಬಲ ಬೇಕಾಗುವುದು ಕೊನೆಯಲ್ಲಿ, ಎಂದರೆ ಕೈ ಸ್ಥಿರವಾಗಿದ್ದು ಕಣ್ಣು ಗುರಿಯ ಮೇಲಿರಬೇಕಾದ ಗಳಿಗೆಯಲ್ಲಿ. ಬಲವಿಲ್ಲದವನು ಎಷ್ಟೇ ಸೂಕ್ಷ್ಮದೃಷ್ಟಿಯುಳ್ಳವನಾದರೂ ಅಲ್ಲಿ ಸೋಲುತ್ತಾನೆ. ಸಾವಿರಾರು ವರ್ಷಗಳ ಕಾಲ ಯಾರೂ ಇದನ್ನು ನೇರ್ಪಡಿಸಲಿಲ್ಲ.

ನೇರ್ಪಡಿಸಿದವನು ಅಮೆರಿಕದ ಮಿಸೌರಿ ಪ್ರಾಂತದ ಹಾಲೆಸ್ ವಿಲ್ಬರ್ ಅಲೆನ್. ಇವನು ಬಿಲ್ಲಿನ ತುದಿಗಳನ್ನು ಕತ್ತರಿಸಿ ಅಲ್ಲಿ ರಾಟೆಗಳನ್ನು ಕೂರಿಸಿದ. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರ ಡಿಸೆಂಬರಿನಲ್ಲಿ ಪಡೆದ. ನಮ್ಮ ಬಾವಿಯ ರಾಟೆಗೂ ಈ ರಾಟೆಗೂ ಒಂದು ವ್ಯತ್ಯಾಸವಿದೆ. ಬಾವಿಯ ರಾಟೆಯ ಅಚ್ಚು ನಟ್ಟನಡುವೆ ಇರುತ್ತದೆ; ಅಲೆನ್ನನ ರಾಟೆಯ ಅಚ್ಚು ಒಂದು ಬದಿಗೆ ಸರಿದಿದೆ. ಆದ್ದರಿಂದ ರಾಟೆ ತಿರುಗಿದಂತೆಲ್ಲ ಅದರ ಸನ್ನೆಯ ಉದ್ದ ಬದಲಾಗುತ್ತದೆ. ಸೆಳೆತದ ನಡುವಿನಲ್ಲಿ ಬಲ ಶಿಖರಕ್ಕೇರುತ್ತದೆ. ಅಲ್ಲಿಂದ ಮುಂದೆ ಸನ್ನೆ ನಮ್ಮ ಪಕ್ಷಕ್ಕೆ ಬಂದು, ಬಾಗುಪಟ್ಟಿಗಳು ಬಾಗಿದಂತೆಯೇ ಇದ್ದರೂ ಹೆದೆ ಹಗುರಾಗುತ್ತದೆ. ಇಂದಿನ ಸಂಯುಕ್ತ ಬಿಲ್ಲುಗಳಲ್ಲಿ ಈ ಇಳಿತ ನೂರಕ್ಕೆ 65ರಿಂದ 80ರವರೆಗೂ ಇರುತ್ತದೆ. ಇಳಿತ ನೂರಕ್ಕೆ 80 ಇರುವ ಬಿಲ್ಲಿನಲ್ಲಿ, 25 ಕಿಲೋಗ್ರಾಂ ಬಲದ ಶಿಖರವನ್ನು ದಾಟಿದವನು ಗುರಿ ನೋಡುವಾಗ ತಡೆಯಬೇಕಾದದ್ದು ಕೇವಲ 5 ಕಿಲೋಗ್ರಾಂ. ಠೇವಣಿ ಮಾತ್ರ ಕರಗುವುದಿಲ್ಲ.

ಇದು ಬಿಲ್ಲೇ ಅಲ್ಲ, ಯಂತ್ರವೆಂದು ಮೂಗು ಮುರಿಯುವವರಿದ್ದಾರೆ. 1972ರಲ್ಲಿ ಮ್ಯೂನಿಕ್ಕಿನಲ್ಲಿ ಬಿಲ್ಲುಗಾರಿಕೆ ಒಲಿಂಪಿಕ್ಸಿಗೆ ಮರಳಿದಾಗ ಹಳೆಯ ಬಗೆಯ ಬಿಲ್ಲಿಗೆ ಮಾತ್ರ ಅವಕಾಶವಿತ್ತು. ಸಂಯುಕ್ತ ಬಿಲ್ಲಿನ ಮಿಶ್ರ ತಂಡ ಸ್ಪರ್ಧೆಯನ್ನು 2028ರ ಲಾಸ್ ಏಂಜಲೀಸ್ ಕ್ರೀಡೆಗಳಲ್ಲಿ ಸೇರಿಸಲು ನಿರ್ಧರಿಸಿದ್ದು 2025ರಲ್ಲಿ. ಮೂಗು ಮುರಿಯುವವರ ಮಾತನ್ನು ನಾನು ಒಪ್ಪಲಾರೆ. ಏಕೆಂಬುದು ಈ ಲೇಖನದ ಕಡೆಯ ಹೊತ್ತಿಗೆ ತಿಳಿದೀತು.

ಇನ್ನು ಮನೆಯ ಸಂಗತಿ. ನಮ್ಮ ತಂದೆಯವರು ಅಂಚೆ ಇಲಾಖೆಯಲ್ಲಿ ಕಾಗದ ಹಂಚುತ್ತಿದ್ದವರು. ಮೂವತ್ತು ವರ್ಷ ನಡೆದ ಕಾಲು. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿತ್ತು. ಒಂದು ಸಂಜೆ ಅವರು ಮನೆಗೆ ಬಂದು ನಡುಮನೆ ದಾಟಿ ಹಿತ್ತಲಿಗೆ ಹೋದರು. ನಮ್ಮ ತಾಯಿ ಹಿಂದೆಯೇ, "ಏನೂಂದ್ರೆ, ಇದೇನು ನೆಲವೆಲ್ಲ ರಕ್ತ!" ಎಂದು ಕೂಗಿದರು. ತಂದೆ ತಿರುಗಿ ನೋಡಿ, "ಯಾರದು?" ಎಂದರು. ಚಪ್ಪಲಿಯ ಮೊಳೆಯೊಂದು ಮೇಲೆದ್ದು ಬಲಗಾಲಿನಲ್ಲಿ ನಾಟಿತ್ತು. ಬೆಳಗಿನಿಂದ ಅದರ ಮೇಲೆಯೇ ನಡೆದಿದ್ದರು. ನೋವೇ ಆಗಿರಲಿಲ್ಲ. "ಯಾರದು" ಎಂಬ ಆ ಮಾತನ್ನು ನಾನು ಈಗಲೂ ಮರೆತಿಲ್ಲ. ಎರಡು ತಿಂಗಳ ಬಳಿಕ ಒಂದು ಬೆರಳನ್ನು ತೆಗೆಯಬೇಕಾಯಿತು.

ನೋವು ಎಂಥ ಉಪಕಾರಿಯೆಂಬುದನ್ನು ಆಗ ವೈದ್ಯರು ನಮಗೆ ವಿವರಿಸಿದರು. ನಾವು ನಡೆಯುವಾಗ ಒಂದೊಂದು ಹೆಜ್ಜೆಗೂ ಮೈಯ ಭಾರವೆಲ್ಲ ಒಂದು ಕಾಲಿನ ಮೇಲೆ ಬೀಳುತ್ತದೆ. ಓಡುವಾಗ ಅದರ ಎರಡು ಮೂರು ಪಟ್ಟು ಬೀಳುತ್ತದೆ. ಒಂದೆಡೆ ಒತ್ತಡ ಹೆಚ್ಚಾದೊಡನೆ ನಮಗೆ ತಿಳಿಯದಂತೆಯೇ ಕಾಲು ಚೂರು ಓರೆಯಾಗಿ ಭಾರವನ್ನು ಪಕ್ಕಕ್ಕೆ ಹಂಚುತ್ತದೆ. ಸ್ಪರ್ಶಜ್ಞಾನವಿಲ್ಲದ ಕಾಲು ಹಾಗೆ ಮಾಡುವುದಿಲ್ಲ. ಅದೇ ಎಡೆಯ ಮೇಲೆ ಸಾವಿರ ಸಲ, ಹತ್ತು ಸಾವಿರ ಸಲ ಭಾರ ಬೀಳುತ್ತದೆ. ಮೊಳೆಯೇ ಬೇಕೆಂದಿಲ್ಲ, ಸಾಧಾರಣ ಒತ್ತಡವೇ ಪದೇ ಪದೇ ಬಿದ್ದು ಮಾಂಸವನ್ನು ಕೊಳೆಯಿಸುತ್ತದೆ. ಬಾಣವಿಲ್ಲದೆ ಬಿಟ್ಟ ಬಿಲ್ಲಿನ ನೆನಪು ನನಗೆ ಬಂದದ್ದು ಈ ಮಾತು ಕೇಳುವಾಗಲೇ. ಆ ಶಕ್ತಿ ಎಲ್ಲಿಗೆ ಹೋಗಬೇಕು?

ಈ ಸಂಗತಿಯನ್ನು ಸ್ಪಷ್ಟವಾಗಿ ಕಂಡವರಲ್ಲಿ ಮುಖ್ಯರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಈ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಸೇವೆಗೆ ತೊಡಗಿದರು. ಕುಷ್ಠದಲ್ಲಿ ಕಾಲು ತಾನಾಗಿ ಉದುರಿಹೋಗುತ್ತದೆಂದು ಜನ ನಂಬಿದ್ದರು. ಹಾಗಲ್ಲ, ನೋವಿಲ್ಲದ ಕಾಲನ್ನು ನಡಿಗೆಯೇ ಹುಣ್ಣು ಮಾಡುತ್ತದೆಂದು ಬ್ರ್ಯಾಂಡರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಹಾಗಾದರೆ ಔಷಧಕ್ಕಿಂತ ಮೊದಲು ಬೇಕಾದದ್ದು ಮೆಟ್ಟು! ಹಲವು ವಸ್ತುಗಳನ್ನು ಪ್ರಯೋಗಿಸಿ ನೋಡಿ ಅವರು ಸೂಕ್ಷ್ಮರಂಧ್ರಗಳುಳ್ಳ ಮೆತ್ತನೆಯ ರಬ್ಬರನ್ನು ಆರಿಸಿಕೊಂಡರು. ಆಸ್ಪತ್ರೆಯ ಮಾತಿನಲ್ಲಿ ಇದಕ್ಕೆ ಎಂ.ಸಿ.ಆರ್. ಎಂದು ಹೆಸರು.

ಇದರ ಗುಣವನ್ನು ಕೈಯಲ್ಲಿ ಒತ್ತಿಯೇ ತಿಳಿಯಬಹುದು. ಹೆಬ್ಬೆರಳಿನಿಂದ ಅದುಮಿದರೆ ತಗ್ಗುತ್ತದೆ, ಆದರೆ ತಳ ಮುಟ್ಟುವುದಿಲ್ಲ. ನಮ್ಮ ಹಿಮ್ಮಡಿಯ ಮಾಂಸದಷ್ಟೇ ಮೆದು. ಮೆತ್ತೆ ಮಾಡುವ ಉಪಕಾರ ಎರಡು. ಹೆಜ್ಜೆಯ ಪೆಟ್ಟು ಬೀಳುವ ಕಾಲಾವಧಿಯನ್ನು ಕೊಂಚ ಹಿಗ್ಗಿಸಿ ಅದರ ಮೊನೆಯನ್ನು ಮೊಂಡು ಮಾಡುತ್ತದೆ, ಇದು ಒಂದು. ಒಂದು ರೂಪಾಯಿ ಬಿಲ್ಲೆಯಷ್ಟು ಎಡೆಯಲ್ಲಿ ಬೀಳುತ್ತಿದ್ದ ಭಾರವನ್ನು ಅಂಗೈಯಗಲಕ್ಕೆ ಹರಡುತ್ತದೆ, ಇದು ಇನ್ನೊಂದು. ನಮ್ಮ ತಂದೆಯಂಥವರಿಗೆ ಎರಡನೆಯದೇ ಮುಖ್ಯ. ಅದರ ಕೆಳಗೆ ಮುಳ್ಳು ಮೊಳೆ ತೂರದಂತೆ ಗಟ್ಟಿ ರಬ್ಬರಿನ ಅಟ್ಟೆ ಬೇಕು. ಜೋಡಿಸುವುದಕ್ಕೆ ಮೊಳೆ ಹೊಡೆಯಬಾರದು, ಅಂಟಿಸಬೇಕು, ಹೊಲಿಯಬೇಕು. ನಮ್ಮ ಮನೆಯವರಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಇಲ್ಲೊಂದು ಚಮತ್ಕಾರವಿದೆ. ಬಿಲ್ಲು ಪಡೆದದ್ದನ್ನೆಲ್ಲ ಹಿಂದಿರುಗಿಸಿದರೆ ಒಳ್ಳೆಯ ಬಿಲ್ಲು. ರೋಗಿಯ ಮೆಟ್ಟು ಪಡೆದದ್ದನ್ನು ಹಾಗೆ ಪುಟಿಸಬೇಕಾಗಿಲ್ಲ. ಒಂದಷ್ಟನ್ನು ಸದ್ದಿಲ್ಲದೆ ತಾನೇ ನುಂಗಿಕೊಂಡರೆ ಒಳ್ಳೆಯದೇ. ಓಟಗಾರನ ಮೆಟ್ಟಿಗೆ ಎರಡೂ ಬೇಕು. ಅದಕ್ಕೇ ಅದರ ಇತಿಹಾಸದಲ್ಲಿ ಇಷ್ಟೊಂದು ತಿಣುಕಾಟ. ವಿಮಾನ ಮತ್ತು ಆಕಾಶಯಾನದ ಎಂಜಿನಿಯರಾಗಿದ್ದ ಫ್ರಾಂಕ್ ರೂಡಿ ಎಂಬುವನು ಅನಿಲ ತುಂಬಿದ ಚೀಲಗಳನ್ನು ಅಟ್ಟೆಯಲ್ಲಿ ಹುದುಗಿಸಿದ. ನೈಕಿ ಕಂಪನಿ 1978ರಲ್ಲಿ ಅಂಥ ಬೂಟನ್ನು ಹೊರತಂದಿತು. 2017ರಲ್ಲಿ ಅದೇ ಕಂಪನಿ ಹೊಸ ಬಗೆಯ ನೊರೆಯ ನಡುವೆ ಬಾಗಿದ ಇಂಗಾಲದೆಳೆಯ ಹಲಗೆಯನ್ನಿಟ್ಟ ಬೂಟನ್ನು ಮಾರಾಟಕ್ಕೆ ತಂದಿತು. ಪ್ರಯೋಗಶಾಲೆಯಲ್ಲಿ ಅಳೆದಾಗ ಅದು ಪಡೆದ ಶಕ್ತಿಯಲ್ಲಿ ನೂರಕ್ಕೆ ಸುಮಾರು 87ರಷ್ಟನ್ನು ಹಿಂದಿರುಗಿಸಿತು. ದಾಖಲೆಗಳು ಉದುರಲಾರಂಭಿಸಿ, 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರು ಮೀರಕೂಡದು, ಹಲಗೆ ಒಂದೇ ಇರಬೇಕು ಎಂದು ಕಟ್ಟು ಮಾಡಿತು. ಬಿಲ್ಲಿನ ರಾಟೆಗೆ ಬಂದ ತಕರಾರೇ ಇಲ್ಲಿಯೂ!

ಇಷ್ಟೆಲ್ಲ ಹುಡುಕುತ್ತಿರುವಾಗ ನಮ್ಮ ಅಂಗಾಲಿನಲ್ಲಿಯೇ ಒಂದು ಬಿಲ್ಲಿದೆಯೆಂಬುದು ನನಗೆ ತಿಳಿಯಿತು. ಹಿಮ್ಮಡಿಗೂ ಬೆರಳಿನ ಬುಡಕ್ಕೂ ನಡುವೆ ಮೂಳೆಗಳು ಕಮಾನಾಗಿ ನಿಂತಿವೆ. ಕೆಳಗೆ ರಜ್ಜುಗಳು ಹೆದೆಯಂತೆ ಬಿಗಿದಿವೆ. ಕಮಾನು ಎಂಬ ಪದಕ್ಕೆ ಮೂಲವಾದ ಪಾರಸಿಯಲ್ಲಿ ಬಿಲ್ಲೆಂದೇ ಅರ್ಥ. ಲೀಡ್ಸ್ ವಿಶ್ವವಿದ್ಯಾಲಯದ ಮ್ಯಾಕ್‌ನೀಲ್ ಅಲೆಗ್ಸಾಂಡರ್ ಮತ್ತು ಸಂಗಡಿಗರು, ಚಿಕಿತ್ಸೆಗಾಗಿ ಕತ್ತರಿಸಿದ ಪಾದಗಳನ್ನು ಯಂತ್ರದಲ್ಲಿ ಒತ್ತಿ ನೋಡಿ, ಓಡುವಾಗ ಈ ಕಮಾನು ಶಕ್ತಿಯನ್ನು ಕೂಡಿಟ್ಟು ಹಿಂದಿರುಗಿಸುವುದನ್ನು 1987ರಲ್ಲಿ ಪ್ರಕಟಿಸಿದರು. ಆ ವೇಳೆಗೆ ಅಮೆರಿಕದ ವ್ಯಾನ್ ಫಿಲಿಪ್ಸ್, 1976ರಲ್ಲಿ ನೀರಾಟದ ಅಪಘಾತದಲ್ಲಿ ಮೊಣಕಾಲಿನ ಕೆಳಭಾಗವನ್ನು ಕಳೆದುಕೊಂಡವನು, ಇಂಗಾಲದೆಳೆಯ ಬಾಗಿದ ಪಟ್ಟಿಯೊಂದನ್ನೇ ಪಾದವನ್ನಾಗಿ ಮಾಡಿಕೊಂಡಿದ್ದ. ಇಂದು ಕಾಲಿಲ್ಲದ ಓಟಗಾರರು ಧರಿಸುವ ಪಟ್ಟಿ ಅದರ ಸಂತತಿಯೇ.

ಬಿಲ್ಲೂ ಪಾದವೂ ನಿಜವಾಗಿ ಕೂಡಿದ್ದನ್ನು ನಾನು ಕಂಡದ್ದು ದೂರದರ್ಶನದಲ್ಲಿ. ಜಮ್ಮು ಕಾಶ್ಮೀರದ ಕಿಶ್ತ್‌ವಾಡ ಜಿಲ್ಲೆಯ ಶೀತಲ್ ದೇವಿ 2007ರಲ್ಲಿ ಹುಟ್ಟಿದವಳು, ಹುಟ್ಟಿನಿಂದಲೇ ತೋಳುಗಳಿಲ್ಲ. ಕುರ್ಚಿಯ ಮೇಲೆ ಕುಳಿತು ಬಲಪಾದದಿಂದ ಬಿಲ್ಲಿನ ಹಿಡಿಯನ್ನು ಹಿಡಿಯುತ್ತಾಳೆ. ಹೆದೆಯನ್ನು ಭುಜಕ್ಕೆ ಕಟ್ಟಿದ ಕೊಂಡಿಗೆ ಸಿಕ್ಕಿಸಿ, ಕಾಲನ್ನು ಮುಂದಕ್ಕೆ ಚಾಚುತ್ತ ಬಿಲ್ಲನ್ನು ಸೆಳೆಯುತ್ತಾಳೆ. ದವಡೆಯಿಂದ ಕೊಂಡಿಯನ್ನು ಬಿಡಿಸುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರರೊಡನೆ ಮಿಶ್ರ ತಂಡದ ಕಂಚು ಗೆದ್ದಳು. 2025ರಲ್ಲಿ ಕೊರಿಯದ ಗ್ವಾಂಗ್‌ಜುವಿನಲ್ಲಿ ವಿಶ್ವ ಪ್ಯಾರಾ ಚಾಂಪಿಯನ್‌ಳಾದಳು. ಅವಳ ಪಾದದಲ್ಲಿದ್ದದ್ದು ಸಂಯುಕ್ತ ಬಿಲ್ಲು. ಕಾಲು ಚಾಚಿ ಗುರಿ ನೋಡುವ ಆ ಕೆಲವು ಕ್ಷಣಗಳಲ್ಲಿ ಅಲೆನ್ನನ ರಾಟೆ ಅವಳ ಭಾರವನ್ನು ಹೊತ್ತಿತ್ತು. ಮೂಗು ಮುರಿಯುವವರಿಗೆ ನನ್ನ ಉತ್ತರವಿಷ್ಟೇ.

ಆ ದಿನ ತಂದೆಯವರೂ ಪಕ್ಕದಲ್ಲಿ ಕುಳಿತು ನೋಡುತ್ತಿದ್ದರು. ಎಂ.ಸಿ.ಆರ್. ಚಪ್ಪಲಿಯನ್ನು ಮೊದಮೊದಲು ಅವರು ಹಾಕಿಕೊಳ್ಳಲೊಲ್ಲೆನೆಂದಿದ್ದರು. ಅದು ಕುಷ್ಠದ ಆಸ್ಪತ್ರೆಯ ಚಪ್ಪಲಿ, ಊರಿನವರು ಏನೆಂದುಕೊಂಡಾರೆಂಬ ಸಂಕೋಚ. ತಾಯಿಯವರು ಹಳೆಯ ಚಪ್ಪಲಿಯನ್ನು ಬಚ್ಚಲೊಲೆಗೆ ಹಾಕಿದ ಮೇಲೆ ವಿಧಿಯಿಲ್ಲದಾಯಿತು. ಈಗ ಪ್ರತಿ ಭಾನುವಾರ ಸ್ನಾನವಾದ ಮೇಲೆ ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲನ್ನು ನೋಡಿಕೊಳ್ಳುತ್ತಾರೆ. ರಬ್ಬರು ಕೆಲವು ತಿಂಗಳಿಗೆ ಕುಗ್ಗಿ ಸಪ್ಪಟೆಯಾಗುತ್ತದೆ, ಆಗ ಬದಲಾಯಿಸಬೇಕು. ಮೊನ್ನೆ ಹಿಮ್ಮಡಿಯ ಜಾಗವನ್ನು ಹೆಬ್ಬೆರಳಿನಿಂದ ಅದುಮಿ, "ನೋಡು, ತಳ ಸಿಗುತ್ತಿದೆ" ಎಂದು ನನ್ನ ಕೈಗೆ ಕೊಟ್ಟರು. ನಾನೂ ಅದುಮಿ ನೋಡಿದೆ. ಸಿಗುತ್ತಿತ್ತು. ಸೋಮವಾರದ ಮೊದಲ ಬಸ್ಸಿಗೆ ಜಿಲ್ಲಾ ಆಸ್ಪತ್ರೆಗೆ ಹೊರಟೆವು.